ಒಂದು ಪಲ್ಸ್ ಎತ್ತರ, ಪಕ್ಕದ್ದು ಕುಳ್ಳ: ನಾನು ಸರಿ ಮಾಡಿದ್ದು ಹೀಗೆ

40 ಗಿಗಾಬಿಟ್ ಫೈಬರ್ ಲಿಂಕ್‌ಗೆ ಸಿಎಸ್-ಆರ್‌ಜೆಡ್ ಪಲ್ಸ್ ಬೇಕಿತ್ತು, ಅಂದ್ರೆ ಪ್ರತಿ ಬಿಟ್‌ಗೂ ಸೊನ್ನೆಗೆ ಇಳಿಯುವ, ಕ್ಯಾರಿಯರ್ (ಲೇಸರಿನ ಮೂಲ ಗೆರೆ) ಅಡಗಿಸಿದ ಬೆಳಕಿನ ಪಲ್ಸ್. ವೋಲ್ಟೇಜ್‌ಗೆ ತಕ್ಕಂತೆ ಬೆಳಕನ್ನು ಏರಿಳಿಸುವ ಲಿಥಿಯಂ ನಯೋಬೇಟ್ ಮಾಡ್ಯುಲೇಟರ್‌ಗೆ 20 ಗಿಗಾಹರ್ಟ್ಸ್ ಕ್ಲಾಕ್ ಕೊಟ್ಟು, ಅದರ ಬಯಾಸ್ (ಸ್ಥಿರ ವೋಲ್ಟೇಜ್) ಅನ್ನು ನಲ್‌ನಲ್ಲಿ, ಅಂದ್ರೆ ಬೆಳಕು ಪೂರ್ತಿ ಆರುವ ಬಿಂದುವಿನಲ್ಲಿ, ಇಟ್ಟೆ. ಪಲ್ಸ್ ಚೆನ್ನಾಗೇ ಬಂತು. ಸ್ವಲ್ಪ ಹೊತ್ತಿಗೆ ಸ್ಕೋಪ್ ಮೇಲೆ ಒಂದು ಎತ್ತರ, ಪಕ್ಕದ್ದು ಕುಳ್ಳ.

ಕ್ಲಾಕ್ ಸರಿ ಇತ್ತು. ಸ್ಪೆಕ್ಟ್ರಮ್ ನೋಡಿದಾಗ ವಿಷಯ ಗೊತ್ತಾಯಿತು. 0.32 ನ್ಯಾನೋಮೀಟರ್ ಅಂತರದ ಎರಡು ಗೆರೆಗಳ ನಡುವೆ, ಇರಬಾರದ ಕ್ಯಾರಿಯರ್ ತಲೆ ಎತ್ತಿತ್ತು. ಅಂದ್ರೆ ಬಯಾಸ್ ಜಾರಿದೆ. ನಯೋಬೇಟ್‌ಗೆ ಇದು ಹುಟ್ಟುಗುಣ. ಕೈಯಲ್ಲಿ ತಿರುಗಿಸಿ ಆ ಗೆರೆ ಅಡಗಿಸಿದರೆ ಪಲ್ಸ್‌ಗಳೂ ಸಮ ಆಗುತ್ತವೆ. ಆದರೆ ಇಡೀ ದಿನ ತಿರುಗಿಸ್ತಾ ಕೂರೋಕಾಗಲ್ಲ ಅಲ್ವಾ?

ಬಯಾಸ್ ಮೇಲೆ 1 ಕಿಲೋಹರ್ಟ್ಸ್‌ನ ಸಣ್ಣ ಏರಿಳಿತ ಸೇರಿಸಿ, ಹೊರಬರುವ ಬೆಳಕಿನ ಸರಾಸರಿ ನೋಡಿ, ಅದು ಕನಿಷ್ಠ ಇರುವಲ್ಲಿ ಬಯಾಸ್ ಅನ್ನು ತಾನೇ ಹಿಡಿದಿಡುವ (ಲಾಕ್ ಆಗುವ) ಲೂಪ್ ಹಾಕಿದೆ. ಕ್ಲಾಕ್ ಇಲ್ಲದಾಗ ನಲ್‌ಗೆ ಅಂಟಿಕೊಳ್ಳುತ್ತಿತ್ತು. ಕ್ಲಾಕ್ ಕೊಟ್ಟ ಕೂಡಲೇ ಎದುರು ತುದಿಗೆ, ಬೆಳಕು ಪೂರ್ತಿ ಹಾಯುವ ಬಿಂದುವಿಗೆ, ಓಡಿತು! ಮಜಾ ಇರೋದು ಇಲ್ಲೇ. ಬೆಳಕನ್ನು ಪೂರ್ತಿ ಆರಿದ್ದರಿಂದ ಪೂರ್ತಿ ಬೆಳಗಿಸಲು ಬೇಕಾದ ವೋಲ್ಟೇಜ್‌ಗೆ ವಿ-ಪೈ ಅಂತಾರೆ. ಡ್ರೈವ್ (ಕ್ಲಾಕ್ ವೋಲ್ಟೇಜ್‌ನ ಒಟ್ಟು ಏರಿಳಿತ) 2 ವಿ-ಪೈ ಇದ್ದಾಗ ನಲ್‌ನಲ್ಲೇ ಸರಾಸರಿ ಬೆಳಕು ಜಾಸ್ತಿ. ಅಲ್ಲಿ ಪಲ್ಸ್ ಅಗಲ ಬಿಟ್ ಕಾಲದ 67%, ಎದುರು ತುದಿಯಲ್ಲಿ ಬರೀ 33%. ಹಾಗಾಗಿ ಲೂಪ್ ಕನಿಷ್ಠವನ್ನಲ್ಲ, ಗರಿಷ್ಠವನ್ನು ಹುಡುಕಬೇಕು. ಲೂಪ್‌ನಲ್ಲಿ ಪ್ಲಸ್ ಇದ್ದ ಚಿಹ್ನೆಯನ್ನು ಮೈನಸ್ ಮಾಡಿದೆ, ಅಷ್ಟೇ. ಲಾಕ್ ಗಟ್ಟಿಯಾಗಿ ನಿಂತಿತು.

ಡ್ರೈವ್ ಮಾತ್ರ ಇಳಿಯದಂತೆ ನೋಡಿಕೊಳ್ಳಿ. ಸುಮಾರು 1.5 ವಿ-ಪೈ ಹತ್ತಿರ ಲೂಪ್‌ಗೆ ಸಿಗ್ನಲ್ಲೇ ಸಿಗುವುದಿಲ್ಲ.