ಹನ್ನೊಂದಡಿ ಚಾವಣಿಯ ಕೆಳಗೆ ನಾಟಕದ ಬೆಳಕು

ಬೆಂಗಳೂರಿನ ದೊಡ್ಡ ರಂಗಮಂದಿರಗಳಾದ ರವೀಂದ್ರ ಕಲಾಕ್ಷೇತ್ರಕ್ಕೋ ರಂಗಶಂಕರಕ್ಕೋ ಮಾಡಿದ ಲೈಟಿಂಗ್ ಪ್ಲಾನ್ ನಮ್ಮ ಜಾಗಕ್ಕೆ ಹೊಂದುವುದಿಲ್ಲ. ನಮ್ಮದು ಚಾಮರಾಜಪೇಟೆ ಕಡೆಯ ಹಳೇ ಕಟ್ಟಡದ ಮೊದಲ ಮಹಡಿ, 40×25 ಅಡಿ ಹಾಲ್, 60 ಜನ ಕೂರಬಹುದು. ಚಾವಣಿ 11 ಅಡಿ. ಇಲ್ಲಿ ದುಡ್ಡಿಗಿಂತ ಮೊದಲು ಅಡ್ಡ ಬರುವುದು ಈ ಎತ್ತರ.

ಹಾಗಾಗಿ ರಂಗವನ್ನು ಎತ್ತರಿಸುವುದಿಲ್ಲ, ಪ್ರೇಕ್ಷಕರನ್ನು ಎತ್ತರಿಸುತ್ತೇವೆ. ಮೊದಲ ಸಾಲು ಜಮಖಾನದ ಮೇಲೆ, ಎರಡನೆಯದು ಕುರ್ಚಿ, ಹಿಂದಿನವಕ್ಕೆ 9 ಮತ್ತು 18 ಇಂಚು ಎತ್ತರದ ಲೆವೆಲ್, ಅಂದರೆ ಮರದ ಕಟ್ಟೆ. ಅದರ ಮೇಲಿನ 8×4 ಅಡಿಯ 19 ಮಿ.ಮೀ. ಪ್ಲೈವುಡ್‌ಗೆ ಎರಡಡಿಗೊಂದು ಅಡ್ಡಪಟ್ಟಿ ಬೇಕು. ಮೊಳೆ ಬೇಡ, ಸ್ಕ್ರೂ ಹಾಕಿ. ಚೌಕಟ್ಟಿಗೂ ಪ್ಲೈಗೂ ನಡುವೆ ರಬ್ಬರ್ ಶೀಟ್ ಇಡಿ. ಇಲ್ಲದಿದ್ದರೆ ಮೌನದ ದೃಶ್ಯದಲ್ಲೇ ಯಾರೋ ಕಾಲು ಬದಲಿಸುತ್ತಾರೆ, ಕಿರ್ರೆನ್ನುತ್ತದೆ.

ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿ ಕಟ್ಟಿದ ಹಳೇ ಮದ್ರಾಸ್ ತಾರಸಿಗೆ ಆಂಕರ್ ಬೋಲ್ಟ್ ಹೊಡೆಯಬಾರದು, ಗಾರೆ ಉದುರುತ್ತದೆ. ನೆಲದಿಂದಲೇ ಕಂಬ ನಿಲ್ಲಿಸಿ ಅದರ ಮೇಲೆ ಲೈಟು ನೇತುಹಾಕಲು ಒಂದೂವರೆ ಇಂಚಿನ ಜಿ.ಐ. ಪೈಪ್ ಹಾಯಿಸಿದ್ದೇವೆ. ಒಂದಿಂಚಿನದು ಅಗ್ಗವೇನೋ ಹೌದು, ಆದರೆ ಕ್ಲ್ಯಾಂಪ್ ಬಿಗಿಯಾಗದೆ ಲೈಟು ತಲೆಬಾಗುತ್ತದೆ. ಪ್ರತಿ ಲೈಟಿಗೂ ಸೇಫ್ಟಿ ಚೈನ್ ಇರಲೇಬೇಕು.

ಈಗ ಲೆಕ್ಕ. ಲೈಟಿನ ಬಾಯಿ ಒಂಬತ್ತೂವರೆ ಅಡಿಯಲ್ಲಿ, ನಟರ ಮುಖ ಐದೂಕಾಲು ಅಡಿಯಲ್ಲಿ. ಲೈಟನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿದರೆ ನಡುವಿನ ದೂರ ಬರೀ 6 ಅಡಿ. ಬೆಳಕನ್ನು 25 ಡಿಗ್ರಿಯಷ್ಟು ಹರಡುವ ಎಲ್‌ಇಡಿ ಪಾರ್ (ಡಬ್ಬಿಯಂಥ ರಂಗದ ಲೈಟು) ಅಷ್ಟು ಹತ್ತಿರದಿಂದ ಬೆಳಗುವುದು ಸುಮಾರು ಎರಡೂಮುಕ್ಕಾಲು ಅಡಿ ಅಗಲ ಮಾತ್ರ. ನಟಿ ಒಂದು ಹೆಜ್ಜೆ ಇಟ್ಟರೆ ಕತ್ತಲು. 45 ಡಿಗ್ರಿ ಹರಡುವ ಲೈಟಾದರೆ ಸುಮಾರು 5 ಅಡಿ ಸಿಗುತ್ತದೆ. ಇರುವ ಲೈಟನ್ನೇ ಬಳಸಬೇಕೆಂದರೆ ಮುಂದೆ ಫ್ರಾಸ್ಟ್ ಜೆಲ್, ಅಂದರೆ ಬೆಳಕನ್ನು ಹರಡುವ ಮಂಜುಬಣ್ಣದ ಹಾಳೆ ಕಟ್ಟಿ. ಎಲ್‌ಇಡಿಗೆ ಟ್ರೇಸಿಂಗ್ ಪೇಪರ್ ಕೂಡ ಸಾಕು. ಹ್ಯಾಲೊಜನ್ ಮುಂದೆ ಮಾತ್ರ ಅದನ್ನು ಇಡಬೇಡಿ, ಹೊತ್ತಿಕೊಳ್ಳುತ್ತದೆ.

ಹಾಗಂತ ಹ್ಯಾಲೊಜನ್ ಪೂರ್ತಿ ಬಿಡಲು ನಮಗೆ ಮನಸ್ಸಿಲ್ಲ. ನಿಧಾನವಾಗಿ ಆರಬೇಕಾದ ಬೆಳಕು ಅಗ್ಗದ ಎಲ್‌ಇಡಿಯಲ್ಲಿ ಕೊನೆಗೆ ಮೆಟ್ಟಿಲಿಳಿದಂತೆ ಜಿಗಿಯುತ್ತದೆ. 1000 ವ್ಯಾಟ್‌ನ ಒಂದು ಲೈಟಿಗೆ 4.3 ಆಂಪಿಯರ್ ಬೇಕು, ಅಂದರೆ 16 ಆಂಪಿಯರ್ ಸಾಕೆಟ್‌ಗೆ ಮೂರು, ಅಷ್ಟೇ. ಎಲ್‌ಇಡಿಯನ್ನು ಡಿಮ್ಮರ್ (ಕರೆಂಟು ತಗ್ಗಿಸಿ ಬೆಳಕು ಕಡಿಮೆ ಮಾಡುವ ಪೆಟ್ಟಿಗೆ) ಚಾನೆಲ್‌ಗೆ ಸಿಕ್ಕಿಸಬೇಡಿ, ನೇರ ಪ್ಲಗ್ಗಿಗೆ ಹಾಕಿ.

ಪ್ರೇಕ್ಷಕರನ್ನು ಎದುರುಬದುರಾಗಿ ಕೂರಿಸುವ ನಾಟಕವೇ ಹೆಚ್ಚು ಕಷ್ಟ. ಒಂದು ಬದಿಗೆ ಮುಖ ಕಾಣಿಸುವ ಲೈಟು ಇನ್ನೊಂದು ಬದಿಯವರ ಕಣ್ಣಿಗೆ ಕುಕ್ಕುತ್ತದೆ. ಆಗ ಕೋನವನ್ನು 60 ಡಿಗ್ರಿಗೆ ಏರಿಸುತ್ತೇವೆ. ಕಣ್ಣಿನ ಕೆಳಗೆ ಬೀಳುವ ನೆರಳನ್ನು ನೆಲಕ್ಕೆ ಹಾಸಿದ ಬಿಳಿ ಬಟ್ಟೆ ಸ್ವಲ್ಪ ತೆಗೆಯುತ್ತದೆ. ಗೋಡೆಗೆ ಮಾತ್ರ ಕಪ್ಪು ದಪ್ಪ ಕಾಟನ್. ಚಿಕ್ಕಪೇಟೆಯಲ್ಲಿ ಕೊಳ್ಳುವಾಗ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, ಮಿನುಗಿದರೆ ಬೇಡ. 20 ಅಡಿ ಗೋಡೆಗೆ 30 ಅಡಿ ಬಟ್ಟೆ, ನೆರಿಗೆ ಬೇಕಲ್ಲ.

ಲೈಟುಗಳಿಗೆ ಆದೇಶ ಸಾಗಿಸುವ ಡಿಎಂಎಕ್ಸ್ ಸಿಗ್ನಲ್‌ಗೆ ಮೈಕ್ ಕೇಬಲ್ ಬಳಸಿದರೆ, ಕೊನೆಯ ಲೈಟಿಗೆ 120 ಓಮ್ ಟರ್ಮಿನೇಟರ್ (ಸಾಲಿನ ತುದಿಗೆ ಸಿಕ್ಕಿಸುವ ರೆಸಿಸ್ಟರ್ ಪ್ಲಗ್) ಹಾಕದಿದ್ದರೆ, ಲೈಟುಗಳು ಸುಮ್ಮಸುಮ್ಮನೆ ಮಿಟುಕಬಹುದು. ಲೈಟು ನಡೆಸುವ ಕನ್ಸೋಲ್‌ಗೆ ಯುಪಿಎಸ್ ಕೊಡಿ. ಸಿಗ್ನಲ್ ತಪ್ಪಿದಾಗ ಏನು ಮಾಡಬೇಕೆಂಬುದನ್ನು ಪ್ರತಿ ಲೈಟಿನ ಮೆನುವಿನಲ್ಲಿ ‘ಹೋಲ್ಡ್’ಗೆ (ಇದ್ದ ಬೆಳಕೇ ಉಳಿಯುವಂತೆ) ಇಡಿ. ಕೆಲವು ಲೈಟುಗಳು ಸಿಗ್ನಲ್ ಹೋದೊಡನೆ ಆಟೋ ಮೋಡ್‌ಗೆ ಹಾರಿ, ಸಾವಿನ ದೃಶ್ಯಕ್ಕೂ ಆರ್ಕೆಸ್ಟ್ರಾ ಬಣ್ಣ ಬಳಿದುಬಿಡುತ್ತವೆ.