ವಾಕಿಂಗ್ ಒಂದೇ ಸಾಲದು, ಒಂಟಿ ಕಾಲಲ್ಲೂ ನಿಂತು ಕಲಿಯಿರಿ

ಬೆಳಗ್ಗೆ ಆರು ಗಂಟೆಗೆ ಲಾಲ್‌ಬಾಗಿಗೆ ಹೋದರೆ ಬೆಂಗಳೂರಿನ ಹಿರಿಯರು ಎಷ್ಟು ಶಿಸ್ತಿನವರು ಅಂತ ಗೊತ್ತಾಗುತ್ತದೆ. ಸ್ಯಾಂಕಿ ಕೆರೆಯ ಸುತ್ತ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿ, ಬಡಾವಣೆಗಳ ಸಣ್ಣಪುಟ್ಟ ಪಾರ್ಕುಗಳಲ್ಲೂ ಇದೇ ನೋಟ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ವಾಕಿಂಗ್ ಬಹಳ ಒಳ್ಳೆಯದು. ಆದರೆ ಬೀಳದಂತೆ ನೋಡಿಕೊಳ್ಳಲು ಅದೊಂದೇ ಸಾಲದು. ಈ ಮಾತನ್ನು ನಮ್ಮ ಅಪ್ಪ ಅಮ್ಮಂದಿರಿಗೆ ಯಾರೂ ಕೂರಿಸಿಕೊಂಡು ಹೇಳುವುದಿಲ್ಲ ಎನ್ನುವುದು ನನ್ನ ಕೊರಗು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ಪ್ರತಿ ವರ್ಷ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಜಾಸ್ತಿ. ವೈದ್ಯಕೀಯ ಅಧ್ಯಯನಗಳನ್ನು ತೂಗಿ ನೋಡುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 2019ರ ಪರಿಶೀಲನೆ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಬ್ಯಾಲೆನ್ಸ್ ವ್ಯಾಯಾಮ ಮತ್ತು ಎದ್ದು ಕೂರುವಂಥ ದಿನಬಳಕೆಯ ಚಲನೆಗಳನ್ನು ಅಭ್ಯಾಸ ಮಾಡಿದ ಹಿರಿಯರಲ್ಲಿ ಬೀಳುವ ಪ್ರಮಾಣ ಸುಮಾರು ಶೇ 24ರಷ್ಟು ಇಳಿದಿತ್ತು. ಬರೀ ನಡಿಗೆಯಿಂದ ಅಂಥ ಲಾಭ ಇದೆ ಎನ್ನಲು ಆಧಾರ ಸಾಲಲಿಲ್ಲ.

ಯಾಕೆ ಹೀಗೆ? ನಾವು ನೆಟ್ಟಗೆ ನಿಲ್ಲಲು ಮೂರು ಕಡೆಯಿಂದ ಮಿದುಳಿಗೆ ಸುದ್ದಿ ಹೋಗಬೇಕು. ಸುತ್ತ ಏನಿದೆ ಎಂದು ಕಣ್ಣು ಹೇಳುತ್ತದೆ. ತಲೆ ಎತ್ತ ತಿರುಗಿತು, ಎತ್ತ ವಾಲಿತು ಎಂದು ಒಳಕಿವಿ ಹೇಳುತ್ತದೆ. ನೆಲ ಹೇಗಿದೆ, ಭಾರ ಯಾವ ಕಡೆ ಬಿದ್ದಿದೆ ಎಂದು ಅಂಗಾಲು ಮತ್ತು ಕೀಲುಗಳು ಹೇಳುತ್ತವೆ. ವಯಸ್ಸಾದಂತೆ ಮೂರೂ ಮಂಕಾಗುತ್ತವೆ. ಕಣ್ಣಿಗೆ ಪೊರೆ ಬರುತ್ತದೆ. ಬಹಳ ವರ್ಷ ಶುಗರ್ ಇದ್ದವರಿಗೆ ಪಾದ ಜೋಮು ಹಿಡಿದಂತಾಗುತ್ತದೆ. ರಾತ್ರಿ ಕರೆಂಟ್ ಹೋದ ಕೂಡಲೇ ಹಿರಿಯರು ತೂರಾಡಿದರೆ, ಅಲ್ಲಿಯವರೆಗೆ ಅವರನ್ನು ನಿಲ್ಲಿಸಿದ್ದು ಹೆಚ್ಚಾಗಿ ಕಣ್ಣೇ ಎಂದು ತಿಳಿಯಬೇಕು. ಜೊತೆಗೆ ತೊಡೆ, ಮೀನಖಂಡದ ಸ್ನಾಯುಗಳೂ ಸೊರಗಿರುತ್ತವೆ. ಎಡವಿದಾಗ ಮಿದುಳು ಸರಿಯಾಗಿಯೇ ಹೇಳಿದರೂ ಕಾಲು ಅಷ್ಟು ಬೇಗ ಮುಂದೆ ಬರುವುದಿಲ್ಲ.

ಪಾರ್ಕಿನ ಸಮತಟ್ಟು ದಾರಿ ಈ ಯಾವುದಕ್ಕೂ ಸವಾಲು ಹಾಕುವುದಿಲ್ಲ. ದೇಹ ಸ್ವಲ್ಪ ಓಲಾಡಬೇಕು, ತಾನೇ ಸರಿಮಾಡಿಕೊಳ್ಳಬೇಕು. ಸೈಕಲ್ ಕಲಿತದ್ದು ಹಾಗೇ ಅಲ್ವಾ? ಈಗ ಮಾತ್ರ ಕೈಗೆಟುಕುವಷ್ಟರಲ್ಲಿ ಗಟ್ಟಿ ಆಸರೆ ಇರಬೇಕು.

ಶುರುಮಾಡುವ ಮುಂಚೆ

ಈಚೆಗೆ ಬಿದ್ದಿದ್ದರೆ, ತಲೆ ಸುತ್ತುತ್ತಿದ್ದರೆ, ಮಂಡಿ ಅಥವಾ ಸೊಂಟದ ಆಪರೇಷನ್ ಆಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಬಿಪಿ ಮಾತ್ರೆ, ನಿದ್ದೆ ಮಾತ್ರೆಗಳಿಂದಲೂ ಕೆಲವರಿಗೆ ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಒಯ್ದು ತೋರಿಸಿ. ನೀವಾಗಿಯೇ ನಿಲ್ಲಿಸಬೇಡಿ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾದರೆ, ಅದು ಒಳಕಿವಿಯ ಸಣ್ಣ ಹರಳು ಜಾಗ ತಪ್ಪಿದ್ದಿರಬಹುದು. ಆಗ ವೈದ್ಯರು ತಲೆಯನ್ನು ಕ್ರಮವಾಗಿ ತಿರುಗಿಸಿ ಕೆಲವೇ ನಿಮಿಷದಲ್ಲಿ ಚಿಕಿತ್ಸೆ ಕೊಡಬಲ್ಲರು. "ವಯಸ್ಸಾಯ್ತು, ಇನ್ನೇನು" ಅಂತ ಸುಮ್ನೆ ಕೂರಬೇಡಿ.

ಜಾಗ

ಅಡುಗೆಮನೆಯ ಗ್ರಾನೈಟ್ ಕಟ್ಟೆಗಿಂತ ಒಳ್ಳೆಯ ಜಾಗ ಇಲ್ಲ. ಗಟ್ಟಿ, ಸೊಂಟದ ಎತ್ತರ, ಅಲುಗಾಡುವುದಿಲ್ಲ. ಒಲೆ ಆರಿರಲಿ, ನೆಲ ಒಣಗಿರಲಿ. ಹಿಂದೆ ಒಂದು ಮರದ ಕುರ್ಚಿ ಇಡಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಭಾರ ಬಿಟ್ಟರೆ ಜಾರುತ್ತದೆ. ಹವಾಯಿ ಚಪ್ಪಲಿ, ಟೈಲ್ಸ್ ಮೇಲೆ ಸಾಕ್ಸ್ ಎರಡೂ ಬೇಡ. ಬರಿಗಾಲು ಸಾಕು. ಪಾದದ ಸ್ಪರ್ಶ ಕಮ್ಮಿಯಾದವರು ಮಾತ್ರ ಸರಿಯಾದ ಶೂ ಹಾಕಬೇಕು. ಸೀರೆ, ಪಂಚೆ ಕಾಲಿಗೆ ತೊಡರದಷ್ಟು ಎತ್ತಿ ಕಟ್ಟಿ. ಮೊದಮೊದಲು ಮನೆಯಲ್ಲಿ ಯಾರಾದರೂ ಇರುವಾಗಲೇ ಮಾಡಿ.

ನೀವು ಎಲ್ಲಿದ್ದೀರಿ?

ಕಟ್ಟೆಯ ಪಕ್ಕ ನಾಲ್ಕು ರೀತಿ ನಿಲ್ಲಿ. ಪ್ರತಿಯೊಂದೂ 10 ಸೆಕೆಂಡ್. ಮೊದಲು ಎರಡೂ ಪಾದ ಜೋಡಿಸಿ. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಡಿ. ಆಮೇಲೆ ಮುಂದಿನ ಪಾದದ ಹಿಮ್ಮಡಿಗೆ ಹಿಂದಿನ ಪಾದದ ಬೆರಳು ತಾಗುವಂತೆ ನಿಲ್ಲಿ. ಕೊನೆಗೆ ಒಂಟಿ ಕಾಲು. ಒಂದು ಹಂತದಲ್ಲಿ ಕೈ ಹಿಡಿಯಬೇಕಾಯಿತೇ? ಅಲ್ಲಿಗೆ ನಿಲ್ಲಿಸಿ, ಅಲ್ಲಿಂದಲೇ ಅಭ್ಯಾಸ ಶುರು. ಮೂರನೆಯ ರೀತಿ 10 ಸೆಕೆಂಡ್ ಆಗದಿದ್ದರೆ ಬೀಳುವ ಅಪಾಯ ಜಾಸ್ತಿ. ಅಂಥವರು ಒಮ್ಮೆ ಫಿಸಿಯೋಥೆರಪಿಸ್ಟ್ ಹತ್ತಿರ ತೋರಿಸಿ ಶುರುಮಾಡುವುದು ಒಳ್ಳೆಯದು.

ಅಭ್ಯಾಸ

ನನ್ನ ಪ್ರಕಾರ ಒಂದೇ ಒಂದು ವ್ಯಾಯಾಮ ಮಾಡಲು ಪುರುಸೊತ್ತಿದ್ದರೆ ಕುರ್ಚಿಯಿಂದ ಏಳುವುದನ್ನೇ ಆರಿಸಬೇಕು. ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಅದರ ಮುಂದಿನ ಅಂಚಿಗೆ ಸರಿದು ಕೂತು, ಪಾದಗಳನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಮೂಗು ಮಂಡಿಯನ್ನು ದಾಟುವಷ್ಟು ಮುಂದೆ ಬಾಗಿ ಏಳಿ. ಕೂರುವಾಗ ದೊಪ್ಪನೆ ಬೀಳಬೇಡಿ, ನಿಧಾನವಾಗಿ ಇಳಿಯಿರಿ. ಸ್ನಾಯುವಿಗೆ ನಿಜವಾದ ಕೆಲಸ ಸಿಗುವುದು ಆ ಇಳಿಯುವಾಗ. ಮೊದಲು ಕೈ ಊರಿ ಐದು ಸಲ, ದಿನ ಕಳೆದಂತೆ ಕೈ ಊರದೆ ಹತ್ತು ಸಲ.

ಆಮೇಲೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಬೆರಳು ಎತ್ತಿ ಇಳಿಸುವುದು. ಪಾದ ಸರಿಯಾಗಿ ಎತ್ತದೆ ಎಳೆದುಕೊಂಡು ನಡೆಯುವವರೇ ಫುಟ್‌ಪಾತಿನ ಎದ್ದ ಕಲ್ಲಿಗೆ ಜಾಸ್ತಿ ಎಡವುವುದು. ಅವರಿಗೆ ಈ ಎರಡನೆಯದು ಬಿಡಲೇಬಾರದು.

ಒಂಟಿ ಕಾಲಲ್ಲಿ ನಿಲ್ಲುವಾಗ ಆಸರೆಯನ್ನು ಹಂತಹಂತವಾಗಿ ಕಮ್ಮಿ ಮಾಡಿ. ಎರಡು ಕೈ, ಒಂದು ಕೈ, ಎರಡು ಬೆರಳು, ಕೊನೆಗೆ ಕಟ್ಟೆಯ ಮೇಲೆ ಗಾಳಿಯಲ್ಲಿ ಕೈ. ಇದು ಸುಲಭವಾದ ಮೇಲೆ ನಿಂತಲ್ಲೇ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ರಸ್ತೆ ದಾಟುವಾಗ ನಾವು ಮಾಡುವುದು ಅದನ್ನೇ ತಾನೇ. ಕಣ್ಣು ಮುಚ್ಚಿ ಮಾಡುವ ಸಾಹಸ ಮಾತ್ರ ಒಬ್ಬರೇ ಇದ್ದಾಗ ಬೇಡ.

ಮುಂದಿನದು ನಡಿಗೆ. ಕಟ್ಟೆಯ ಉದ್ದಕ್ಕೂ ಹಿಮ್ಮಡಿಗೆ ಬೆರಳು ಜೋಡಿಸುತ್ತ ಒಂದೇ ಗೆರೆಯಲ್ಲಿ ಹೋಗಿ. ಅಡ್ಡಡ್ಡಲಾಗಿ ಹೆಜ್ಜೆ ಹಾಕಿ ವಾಪಸ್ ಬನ್ನಿ. ಹಿಡಿತ ಬಂದ ಮೇಲೆ ಹಿಂದಕ್ಕೂ ನಡೆಯಿರಿ.

65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬ್ಯಾಲೆನ್ಸ್ ಮತ್ತು ಶಕ್ತಿಯ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಒಂದು ವಾರದಲ್ಲಿ ಫಲ ಕಾಣುವುದಿಲ್ಲ, ತಿಂಗಳುಗಳು ಬೇಕು. ಬಿಟ್ಟರೆ ಗಳಿಸಿದ್ದೂ ಹೋಗುತ್ತದೆ. ಎದೆ ನೋವು, ಉಸಿರಾಟದ ತೊಂದರೆ, ತಲೆಸುತ್ತು ಬಂದರೆ ತಕ್ಷಣ ಕೂತುಬಿಡಿ, ಡಾಕ್ಟರ್‌ಗೆ ತಿಳಿಸಿ.

ನೆಲದಿಂದ ಏಳುವುದು

ಇದನ್ನು ಕಲಿಸುವವರು ಕಮ್ಮಿ. ಮೊದಲು ನೆಲದ ಮೇಲೆ ಕೂತೇ ಊಟ ಮಾಡುತ್ತಿದ್ದರು, ಏಳುವ ಅಭ್ಯಾಸ ತಾನಾಗಿ ಇರುತ್ತಿತ್ತು. ಈಗ ಡೈನಿಂಗ್ ಟೇಬಲ್, ಸೋಫಾ, ಮಂಚ. ಬಿದ್ದವರಿಗೆ ಪೆಟ್ಟಾಗದಿದ್ದರೂ ಏಳಲು ಬಾರದೆ ಗಂಟೆಗಟ್ಟಲೆ ತಣ್ಣನೆ ನೆಲದಲ್ಲಿ ಇರಬೇಕಾಗುತ್ತದೆ. ಮಂಡಿ ಒಪ್ಪಿದರೆ ಚಾಪೆಯ ಮೇಲೆ ಹೀಗೆ ಅಭ್ಯಾಸ ಮಾಡಿ: ಮಗ್ಗುಲಿಗೆ ಹೊರಳಿ, ಮೊಣಕೈ ಊರಿ ಏಳಿ, ಅಂಬೆಗಾಲಿಗೆ ಬನ್ನಿ. ಗಟ್ಟಿ ಕುರ್ಚಿಯವರೆಗೆ ಹೋಗಿ ಕೈ ಊರಿ. ಒಂದು ಪಾದ ಮುಂದಿಟ್ಟು, ಮೇಲೆದ್ದು, ತಿರುಗಿ ಕೂರಿ. ನಿಜವಾಗಿ ಬಿದ್ದಾಗ ಸೊಂಟ ಅಥವಾ ತೊಡೆಯಲ್ಲಿ ವಿಪರೀತ ನೋವಿದ್ದರೆ ಏಳಲು ಹೋಗಬೇಡಿ, ಕೂಗಿ ಕರೆಯಿರಿ ಅಥವಾ 108ಕ್ಕೆ ಫೋನ್ ಮಾಡಿ. ಅದಕ್ಕೇ ಮೊಬೈಲ್ ಟೇಬಲ್ ಮೇಲಲ್ಲ, ಜೇಬಿನಲ್ಲಿರಲಿ.

ಮನೆಯವರಿಗೆ

ಬಚ್ಚಲಿನಲ್ಲಿ ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ರಾಡ್ ಮನುಷ್ಯನ ಭಾರ ತಡೆಯುವುದಿಲ್ಲ. ಜಾರುವ ಕಾಲೊರೆಸು ತೆಗೆಯಿರಿ. ಮಂಚದಿಂದ ಟಾಯ್ಲೆಟ್‌ವರೆಗೆ ರಾತ್ರಿ ಸಣ್ಣ ದೀಪ ಉರಿಯಲಿ. ಅಟ್ಟದ ಮೇಲಿನ ಡಬ್ಬಿ ಕೆಳಗಿನ ಕಪಾಟಿಗೆ ಬರಲಿ.

ಒಮ್ಮೆ ಬಿದ್ದವರನ್ನು "ಎಲ್ಲೂ ಹೋಗಬೇಡಿ, ಕೂತಿರಿ" ಎಂದು ಕೂರಿಸುವುದು ಪ್ರೀತಿಯಿಂದಲೇ. ಆದರೆ ಕೂತಷ್ಟೂ ಕಾಲು ಸೊರಗುತ್ತದೆ, ಹೆದರಿಕೆ ಬೆಳೆಯುತ್ತದೆ, ಮತ್ತೆ ಬೀಳುತ್ತಾರೆ. ಅವರ ಜೊತೆ ನಡೆಯಿರಿ. ನಡೆಯುವಾಗ ಅವರ ರಟ್ಟೆ ಹಿಡಿದು ಎಳೆಯಬೇಡಿ, ಅದರಿಂದ ಅವರ ಆಯ ತಪ್ಪುತ್ತದೆ. ನಿಮ್ಮ ಮೊಣಕೈ ಮಡಿಸಿ ಕೊಡಿ, ಅವರೇ ಹಿಡಿದುಕೊಳ್ಳಲಿ. ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಬಿಡಬೇಕು ಎಂಬುದು ಅವರಿಗೇ ಗೊತ್ತಾಗುತ್ತದೆ.