ಮುಂಬೈ ಟ್ರಾಫಿಕ್‌ನಲ್ಲಿ ಫೋನ್ ಮುಟ್ಟದೆ, ಬಾಯಲ್ಲೇ ಹೇಳಿ ದಾರಿ ಕೇಳುವುದು ಹೇಗೆ

ಮುಂಬೈಯಲ್ಲಿ ಕಾರು ಓಡಿಸುವಾಗ ಫೋನ್ ಮುಟ್ಟಲೇಬಾರದು. ಒಂದು ಕಡೆ ಬೆಸ್ಟ್ (ಮುಂಬೈ ಸಿಟಿ) ಬಸ್ಸು, ಇನ್ನೊಂದು ಕಡೆ ರಿಕ್ಷಾ, ನಡುವಿನ ಸಂದಿಯಲ್ಲಿ ತೂರಿ ಬರುವ ಬೈಕು, ಇಷ್ಟೆಲ್ಲದರ ಮಧ್ಯೆ ಯಾವುದೋ ಬಿಲ್ಡಿಂಗ್ ಹೆಸರು ಟೈಪ್ ಮಾಡುತ್ತಾ ಕೂತರೆ ಅಪಾಯ ನಿಮಗೊಬ್ಬರಿಗೇ ಅಲ್ಲ. ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 2020ರ ಅಕ್ಟೋಬರ್ 1ರಿಂದ ಬಂದ ನಿಯಮದ ಪ್ರಕಾರ ಗಾಡಿ ಓಡಿಸುವಾಗ ಫೋನ್ ಬಳಸುವುದಾದರೆ ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ.

ಹಾಗಾಗಿ ಎಲ್ಲ ತಯಾರಿಯೂ ಪಾರ್ಕಿಂಗ್‌ನಲ್ಲೇ ಮುಗಿಯಬೇಕು. ಗೂಗಲ್ ಮ್ಯಾಪ್ಸ್ 2018ರಿಂದಲೇ ಕನ್ನಡದಲ್ಲಿ ದಾರಿ ಹೇಳುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ನ್ಯಾವಿಗೇಶನ್‌ಗೆ ಹೋಗಿ ವಾಯ್ಸ್ ಅನ್ನುವಲ್ಲಿ ಕನ್ನಡ ಆರಿಸಿ. ಮನೆಯಲ್ಲಿ ಅಪ್ಪ-ಅಮ್ಮ ಕಾರು ಓಡಿಸುವವರಿದ್ದರೆ ಅವರ ಫೋನ್‌ನಲ್ಲೂ ಮಾಡಿಕೊಡಿ, ತುಂಬಾ ಸಲೀಸಾಗುತ್ತದೆ. ನೀವು ಬಾಯಲ್ಲಿ ಹೇಳಿದ್ದನ್ನು ಕೇಳಿ ಕೆಲಸ ಮಾಡುವ ಅಸಿಸ್ಟೆಂಟ್‌ನ ಭಾಷೆ ಮಾತ್ರ ಬೇರೆ ಸೆಟ್ಟಿಂಗ್. ಅದನ್ನು ನಾನು ಇಂಗ್ಲಿಷಿನಲ್ಲೇ ಇಟ್ಟಿದ್ದೇನೆ.

ಫೋನಿನ ಮ್ಯಾಪನ್ನು ಕಾರಿನ ಸ್ಕ್ರೀನ್‌ನಲ್ಲಿ ತೋರಿಸುವ ಆಂಡ್ರಾಯ್ಡ್ ಆಟೋವನ್ನು ಕೇಬಲ್‌ನಲ್ಲಿ ಜೋಡಿಸುವವರು ಡೇಟಾ ಹೋಗುವ ಕೇಬಲ್ಲೇ ತಗೊಳ್ಳಿ. ಬರೀ ಚಾರ್ಜಿಂಗ್ ಕೇಬಲ್ ಹಾಕಿದರೆ ಸ್ಕ್ರೀನ್‌ನಲ್ಲಿ ಏನೂ ಬರುವುದಿಲ್ಲ. ಹಾಡು ಜೋರಾಗಿ, ದಾರಿ ಹೇಳುವ ದನಿ ಸಣ್ಣಗೆ ಕೇಳುತ್ತಿದೆಯಾ? ಅದು ಮಾತಾಡುತ್ತಿರುವ ಹೊತ್ತಿನಲ್ಲೇ ವಾಲ್ಯೂಮ್ ಹೆಚ್ಚಿಸಿ. ಸುಮ್ನಿರುವಾಗ ಹೆಚ್ಚಿಸಿದರೆ ಹಾಡಿನ ಸದ್ದು ಮಾತ್ರ ಏರುತ್ತದೆ.

ಈಗ ಹೇಳುವ ರೀತಿ. 'ಹೇ ಗೂಗಲ್' ಅಂದು (ಐಫೋನ್ ಇದ್ದರೆ 'ಹೇ ಸಿರಿ') 'ನ್ಯಾವಿಗೇಟ್ ಟು' ಅಂತ ಶುರು ಮಾಡಿ, ಜಾಗದ ಹೆಸರಿನ ಜೊತೆ ಏರಿಯಾ ಹೆಸರು ಸೇರಿಸಿ. ಅದಕ್ಕಿಂತ ಮುಖ್ಯವಾಗಿ ರೈಲು ಹಳಿಯ ಈಸ್ಟಾ ವೆಸ್ಟಾ ಅಂತ ಹೇಳಿ. ಬರೀ 'ಎಂ.ಜಿ. ರೋಡ್' ಅಂದರೆ ಯಾವುದು? ಘಾಟ್ಕೋಪರ್‌ನಲ್ಲಿದೆ, ಗೋರೆಗಾಂವ್‌ನಲ್ಲಿದೆ, ಮುಲುಂಡ್‌ನಲ್ಲೂ ಇದೆ. 'ಎಂ.ಜಿ. ರೋಡ್, ಮುಲುಂಡ್ ವೆಸ್ಟ್' ಅಂತ ಪೂರ್ತಿ ಹೇಳಿ. ಸ್ಟೇಷನ್ನಿನ ತಪ್ಪು ಬದಿಗೆ ಹೋಗಿ ನಿಂತರೆ ಕಣ್ಣೆದುರಿಗೇ ಕಾಣುವ ಜಾಗಕ್ಕೂ ರೈಲು ಹಳಿ ದಾಟುವ ಸೇತುವೆ ಹುಡುಕಿಕೊಂಡು ಸುತ್ತಬೇಕು, ಸಂಜೆ ಹೊತ್ತಾದರೆ ಅದರಲ್ಲೇ ಅರ್ಧ ಗಂಟೆ ಹೋಯಿತು ಅಂತಲೇ ಲೆಕ್ಕ.

ದಾರಿ ಮಧ್ಯೆ 'ವಾಟ್ಸ್ ಮೈ ನೆಕ್ಸ್ಟ್ ಟರ್ನ್', 'ಪೆಟ್ರೋಲ್ ಪಂಪ್ ಅಲಾಂಗ್ ದ ರೂಟ್', 'ಅವಾಯ್ಡ್ ಟೋಲ್ಸ್' ಇಷ್ಟು ಬಂದರೆ ಸಾಕು. ಕೊನೆಯದನ್ನು ಹುಷಾರಾಗಿ ಬಳಸಿ. ಅದು ಆನ್ ಆಗಿಯೇ ಉಳಿದರೆ ನವಿ ಮುಂಬೈ ಕಡೆಗೆ ಸಮುದ್ರ ದಾಟುವ 21.8 ಕಿಲೋಮೀಟರಿನ ಅಟಲ್ ಸೇತುವನ್ನೂ, ಪುಣೆ ಎಕ್ಸ್‌ಪ್ರೆಸ್‌ವೇಯನ್ನೂ ಮ್ಯಾಪ್ ದೂರವೇ ಇಡುತ್ತದೆ. ವಾಶಿ, ಮುಲುಂಡ್, ದಹಿಸರ್ ಮುಂತಾದ ಮುಂಬೈ ಪ್ರವೇಶದ ನಾಕಾಗಳಲ್ಲಿ 2024ರ ಅಕ್ಟೋಬರಿನಿಂದ ಕಾರುಗಳಿಗೆ ಟೋಲ್ ಇಲ್ಲವಲ್ಲ, ಬರೀ ಅವುಗಳಿಗಾಗಿ ಇದನ್ನು ಆನ್ ಮಾಡಿಟ್ಟಿದ್ದರೆ ತೆಗೆದುಬಿಡಿ.

ಟ್ರಾಫಿಕ್ ಬಣ್ಣಗಳನ್ನು ನಂಬುವ ಮೊದಲು ಅವು ಎಲ್ಲಿಂದ ಬರುತ್ತವೆ ಅಂತ ತಿಳಿದಿರಲಿ. ರಸ್ತೆಯಲ್ಲಿರುವ ಜನರ ಫೋನ್‌ಗಳು ಎಷ್ಟು ವೇಗವಾಗಿ ಸರಿಯುತ್ತಿವೆ ಅನ್ನುವುದರಿಂದ ಮ್ಯಾಪ್ ಹಸಿರು, ಕಿತ್ತಳೆ, ಕೆಂಪು ಬಳಿಯುತ್ತದೆ. ಗಾಡಿಗಳೇ ಇಲ್ಲದ ಕಡೆ ಅದಕ್ಕೆ ಲೆಕ್ಕ ಸಿಗುವುದಿಲ್ಲ. ಜೋರು ಮಳೆ ಬಂದು ಅಂಧೇರಿ ಸಬ್‌ವೇಯಲ್ಲೋ (ರೈಲು ಹಳಿಯ ಕೆಳಗಿನ ರಸ್ತೆ) ಮಿಲನ್ ಸಬ್‌ವೇಯಲ್ಲೋ ನೀರು ನಿಂತಾಗ ಬಣ್ಣವನ್ನಷ್ಟೇ ನೋಡಿ ಹೋಗಬೇಡಿ. ಮಳೆಗಾಲದಲ್ಲೂ ಗಣಪತಿ ವಿಸರ್ಜನೆಯ ದಿನಗಳಲ್ಲೂ ಟ್ರಾಫಿಕ್ ಪೊಲೀಸರ ಪ್ರಕಟಣೆ ಓದಿಯೇ ಹೊರಡಿ. ಸೇತುವೆಗಳ ವಿಷಯವೂ ಅಷ್ಟೇ. ಅಂಧೇರಿಯ ಗೋಖಲೆ ಸೇತುವೆ 2022ರ ನವೆಂಬರಿನಲ್ಲಿ ಮುಚ್ಚಿದ್ದು, ಪೂರ್ತಿ ತೆರೆದದ್ದು 2025ರ ಮೇ ತಿಂಗಳಲ್ಲಿ. ಹೀಗೆ ಒಂದು ಸೇತುವೆ ಮುಚ್ಚಿದರೆ ಆ ಭಾಗದ ಟ್ರಾಫಿಕ್ ಲೆಕ್ಕವೇ ಬದಲಾಗುತ್ತದೆ.

'ಎರಡು ನಿಮಿಷ ಬೇಗ' ಅಂತ ಮ್ಯಾಪ್ ಹೊಸ ದಾರಿ ತೋರಿಸಿದರೆ ನಾನು ಬೇಡ ಅನ್ನುತ್ತೇನೆ. ಗಲ್ಲಿಯಲ್ಲಿ ಒಂದು ಟೆಂಪೋ ಎದುರು ಬಂದರೆ ಆ ಎರಡು ನಿಮಿಷ ಅಲ್ಲೇ ಕರಗುತ್ತದೆ, ರಿವರ್ಸ್ ಹೋಗುವ ಪಾಡು ಬೇರೆ. ಹತ್ತು ಹದಿನೈದು ನಿಮಿಷ ಉಳಿಯುತ್ತದೆ ಅಂದರೆ ಆಗ ಒಪ್ಪಿಕೊಳ್ಳಿ.

ಫ್ಲೈಓವರ್ ಕಂಡಾಗ ಹತ್ತಬೇಕಾ, ಕೆಳಗೆ ಹೋಗಬೇಕಾ? ಗೂಗಲ್ 2024ರಿಂದ ಇದನ್ನು ಮೊದಲೇ ಹೇಳುತ್ತಿದೆ. ಆದರೂ ಜಿಪಿಎಸ್‌ಗೆ ಎತ್ತರ ಅಷ್ಟು ಸರಿಯಾಗಿ ಸಿಗುವುದಿಲ್ಲ, ನೀವು ಮೇಲಿದ್ದರೂ ಕೆಳಗಿದ್ದೀರಿ ಅಂದುಕೊಂಡು ತಿರುವು ಹೇಳಬಹುದು, ಹಾಗಾಗಿ ಬೋರ್ಡ್ ಕಡೆ ಒಂದು ಕಣ್ಣಿರಲಿ. ಸುರಂಗದಲ್ಲಿ ಜಿಪಿಎಸ್ಸೇ ಇಲ್ಲ. ಕೋಸ್ಟಲ್ ರೋಡಿನ ಸುರಂಗ ಸುಮಾರು ಎರಡು ಕಿಲೋಮೀಟರ್. ದಕ್ಷಿಣಕ್ಕೆ ಹೋಗುವಾಗ ಒಳಗೆ ಹೋಗುವ ಮುನ್ನವೇ ಮುಂದಿನ ತಿರುವು ಕೇಳಿಟ್ಟುಕೊಳ್ಳಿ, ಯಾಕೆಂದರೆ ಹೊರಗೆ ಬಂದ ಕೂಡಲೇ ಮರೀನ್ ಡ್ರೈವ್, ಯೋಚಿಸುವುದಕ್ಕೆ ಪುರುಸೊತ್ತು ಸಿಗುವುದಿಲ್ಲ.

ಊರಿಗೆ ಹೊರಟವರಿಗೆ ಇನ್ನೊಂದು ಮಾತು. ಎನ್‌ಎಚ್ 66ರಲ್ಲಿ ಉಡುಪಿ, ಮಂಗಳೂರಿನ ಕಡೆಗಾಗಲಿ, ಕೊಲ್ಹಾಪುರ ದಾಟಿ ಬೆಳಗಾವಿಯ ಕಡೆಗಾಗಲಿ, ಘಾಟಿಗಳಲ್ಲಿ ನೆಟ್‌ವರ್ಕ್ ಕೈಕೊಡುವುದುಂಟು. ಹಿಂದಿನ ರಾತ್ರಿಯೇ ಮನೆಯ ವೈಫೈಯಲ್ಲಿ ಆ ಭಾಗದ ಆಫ್‌ಲೈನ್ ಮ್ಯಾಪ್ ಡೌನ್‌ಲೋಡ್ ಮಾಡಿ. ನೆಟ್ ಹೋದರೂ ಅದು ದಾರಿ ತೋರಿಸುತ್ತದೆ, ಟ್ರಾಫಿಕ್ ಮಾತ್ರ ತೋರಿಸುವುದಿಲ್ಲ. ಅದಕ್ಕೇ ಘಾಟಿ ಏರುವ ಮೊದಲು, ಸಿಗ್ನಲ್ ಚೆನ್ನಾಗಿರುವ ಯಾವುದಾದರೂ ಪೆಟ್ರೋಲ್ ಪಂಪಿನಲ್ಲಿ ಕಾರು ನಿಲ್ಲಿಸಿ ಮುಂದಿನ ದಾರಿಯ ಬಣ್ಣ ಒಮ್ಮೆ ನೋಡಿಬಿಡಿ.